ವಿಕ್ರಮ್ ಬಿದ್ದದ್ದು ಯಾಕೆ?: ದಿನಚರಿಯ ಪುಟಗಳು

ಬಸವಕಲ್ಯಾಣ, 7 ಸೆಪ್ಟೆಂಬರ್ 2019, ಶನಿವಾರ

ರಾತ್ರಿಯೆಲ್ಲ ಟಿವಿ ಮುಂದೆ. 1.38ಕ್ಕೆ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ 30 ಕಿ.ಮೀ. ಎತ್ತರದಿಂದ ಇಳಿಯತೊಡಗಿತು. ಬೆಂಗಳೂರಿನ ಇಸ್ಟ್ರ್ಯಾಕ್ ಕೇಂದ್ರದ ಪರದೆಯಲ್ಲಿ ಅದು ಗೊತ್ತುಮಾಡಿದ ಗೆರೆಯ ಮೇಲೇ ಸಾಗಿ, ಕೊನೆಯಲ್ಲಿ ಸರಿದಂತೆ ಕಂಡಿತು. 2.1 ಕಿ.ಮೀ. ಎತ್ತರದವರೆಗೆ ಎಲ್ಲ ಸರಿಯಿತ್ತು, ಆಮೇಲೆ ಸಂಪರ್ಕ ಕಡಿಯಿತು ಎಂದು ಇಸ್ರೋ ಅಧ್ಯಕ್ಷ ಕೆ. ಶಿವನ್ ಹೇಳಿದಾಗ ಅವರ ದನಿ ಬಿದ್ದುಹೋಗಿತ್ತು.

ನಿದ್ದೆಗಣ್ಣಲ್ಲೇ ಹುಮನಾಬಾದಿನ ಬಸ್ಸು ಹತ್ತಿ ಬೆಳಗಿನ ಶಾಲೆಗೆ ಹೋದೆ. ಒಂಬತ್ತನೇ ತರಗತಿಯ ಹುಡುಗ ಎದ್ದು ನಿಂತು, "ಯಾರ ತಪ್ಪಿದು ಸರ್?" ಅಂದ. ಯಾರ ತಪ್ಪು ಎನ್ನುವುದನ್ನು ಬಿಡೋಣ, ಎಲ್ಲಿ ತಪ್ಪಿತು ಎಂದು ಹುಡುಕೋಣ ಅಂದೆ. ಇಳಿಯಲು ಶುರುಮಾಡಿದಾಗ ವಿಕ್ರಮ್‌ನ ವೇಗ ಸೆಕೆಂಡಿಗೆ ಸುಮಾರು 1.6 ಕಿ.ಮೀ. ಆ ವೇಗದಲ್ಲಿ ಬಸವಕಲ್ಯಾಣ ಬಿಟ್ಟರೆ ಅರ್ಧ ನಿಮಿಷದೊಳಗೆ ಹುಮನಾಬಾದ್ ದಾಟಿರುತ್ತೇವೆ. ಸುಮಾರು ಕಾಲು ಗಂಟೆಯಲ್ಲಿ ಅದನ್ನು ನಡಿಗೆಯ ವೇಗಕ್ಕೆ ತರಬೇಕು. ಅದೂ ತಾನೇ ಲೆಕ್ಕ ಹಾಕಿಕೊಂಡು. ಇಲ್ಲಿಂದ ಕಳಿಸಿದ ಸಂಕೇತ ಅಲ್ಲಿಗೆ ಮುಟ್ಟಲು ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. ಕೈಯಿಂದ ನಡೆಸುವ ಮಾತೇ ಇಲ್ಲ.

ಬಸವಕಲ್ಯಾಣ, 22 ಸೆಪ್ಟೆಂಬರ್ 2019, ಭಾನುವಾರ

ವಿಕ್ರಮ್ ಬಿದ್ದ ಜಾಗದಲ್ಲಿ ಈಗ ಇರುಳು. ಸಂಪರ್ಕ ಸಿಗುವ ಆಸೆ ಮುಗಿಯಿತು. ಕಾರಣ ಹುಡುಕಲು ಪರಿಣತರ ಸಮಿತಿ ಕೂತಿದೆ. ಚಂದ್ರಯಾನ-2ರ ಆರ್ಬಿಟರ್ ಮಾತ್ರ ತನ್ನ 8 ಉಪಕರಣಗಳೊಂದಿಗೆ ಚಂದ್ರನನ್ನು ಚೆನ್ನಾಗಿಯೇ ಸುತ್ತುತ್ತಿದೆ. ಯಾನವೇ ಹಾಳಾಯಿತು ಎನ್ನುವವರಿಗೆ ಇದನ್ನು ಹೇಳಬೇಕು.

ಹುಮನಾಬಾದ್, 22 ನವೆಂಬರ್ 2019, ಶುಕ್ರವಾರ

ಬುಧವಾರ ಲೋಕಸಭೆಗೆ ಸಚಿವ ಜಿತೇಂದ್ರ ಸಿಂಗ್ ಕೊಟ್ಟ ಲಿಖಿತ ಉತ್ತರ ಪತ್ರಿಕೆಯಲ್ಲಿ ಬಂದಿದೆ. ಮೊದಲ ಹಂತದಲ್ಲಿ, 30ರಿಂದ 7.4 ಕಿ.ಮೀ. ಎತ್ತರದವರೆಗೆ, ವೇಗ ಸೆಕೆಂಡಿಗೆ 1,683 ಮೀಟರಿನಿಂದ 146 ಮೀಟರಿಗೆ ಸರಿಯಾಗಿಯೇ ಇಳಿಯಿತು. ಎರಡನೇ ಹಂತದಲ್ಲಿ ವೇಗ ಅಂದುಕೊಂಡದ್ದಕ್ಕಿಂತ ಹೆಚ್ಚು ತಗ್ಗಿತು. ಹಾಗಾಗಿ ಮುಂದಿನ ಹಂತ ಶುರುವಾಗುವಾಗ ಸ್ಥಿತಿಗತಿ ವಿನ್ಯಾಸದ ಮಿತಿಯಾಚೆ ಇತ್ತು. ಗುರಿಯಿಂದ 500 ಮೀಟರಿನೊಳಗೆ ವಿಕ್ರಮ್ ಬಡಿದು ಬಿತ್ತು.

ಕರಿಹಲಗೆಯ ಮೇಲೆ ಬರೆದೆ. ಹುಡುಗಿಯೊಬ್ಬಳು ಕೇಳಿದಳು: "ಬ್ರೇಕ್ ಜಾಸ್ತಿ ಬಿದ್ರೆ ಮೆಲ್ಲಗೆ ಇಳೀಬೇಕಲ್ಲ ಸರ್, ಜೋರಾಗಿ ಯಾಕೆ ಬಿತ್ತು?" ಸಂಜೆಯಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ. ಸಚಿವರ ಉತ್ತರದಲ್ಲಿ ಇದಕ್ಕೆ ಉತ್ತರವಿಲ್ಲ.

ಬಸವಕಲ್ಯಾಣ, 4 ಡಿಸೆಂಬರ್ 2019, ಬುಧವಾರ

ವಿಕ್ರಮ್‌ನ ಚೂರುಗಳು ಸಿಕ್ಕಿವೆ. ಮೊದಲು ಗುರುತಿಸಿದವರು ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್. ನಾಸಾದ ಎಲ್‌ಆರ್‌ಒ ನೌಕೆ ತೆಗೆದ ಹಳೆಯ, ಹೊಸ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಬಿದ್ದ ಜಾಗದಿಂದ ವಾಯವ್ಯಕ್ಕೆ ಸುಮಾರು 750 ಮೀಟರ್ ದೂರದಲ್ಲಿ ಹೊಳೆದ ಒಂದು ಚುಕ್ಕೆ ಹಿಡಿದರು. ನಾಸಾ ಅದನ್ನು ಒಪ್ಪಿ ಅವರ ಹೆಸರು ಹೇಳಿತು. ಚಿತ್ರಗಳು ಯಾರು ಬೇಕಾದರೂ ನೋಡುವಂತೆ ತೆರೆದಿದ್ದವು, ಅದಕ್ಕೇ ಇದಾಯಿತು. ಮಕ್ಕಳಿಗೆ ಈ ಮಾತನ್ನು ಒತ್ತಿ ಹೇಳಿದೆ.

ಹುಮನಾಬಾದ್, 11 ಜುಲೈ 2023, ಮಂಗಳವಾರ

ಹುಡುಗಿಯ ಆ ಪ್ರಶ್ನೆಗೆ ಉತ್ತರ ಸಿಕ್ಕಿತು. ಇಸ್ರೋ ಅಧ್ಯಕ್ಷ ಎಸ್. ಸೋಮನಾಥ್ ನಿನ್ನೆ ಬಿಡಿಸಿ ಹೇಳಿದ್ದಾರೆ. ಐದು ಎಂಜಿನುಗಳು ನಿರೀಕ್ಷೆಗಿಂತ ಹೆಚ್ಚು ನೂಕುಬಲ ಕೊಟ್ಟವು. ಆ ಹೊತ್ತಿಗೆ ನೆಲದ ಚಿತ್ರ ತೆಗೆಯಲು ಲ್ಯಾಂಡರ್ ಅಲುಗಾಡದೆ ಇರಬೇಕಿತ್ತು. ವ್ಯತ್ಯಾಸವನ್ನು ಆಗಲೇ ತಿದ್ದಿಕೊಳ್ಳಲು ಆಗಲಿಲ್ಲ, ಅದು ಕೂಡುತ್ತಾ ಹೋಯಿತು. ತಿದ್ದುವ ಹೊತ್ತು ಬಂದಾಗ ವೇಗವಾಗಿ ತಿರುಗಬೇಕಿತ್ತು, ಆದರೆ ತಿರುಗುವ ವೇಗಕ್ಕೆ ಸಾಫ್ಟ್‌ವೇರ್ ಮಿತಿ ಹಾಕಿತ್ತು. ಮೇಲಾಗಿ ಇಳಿಯಬೇಕಾದ ಜಾಗ 500 ಮೀಟರ್ ಉದ್ದ, 500 ಮೀಟರ್ ಅಗಲ ಮಾತ್ರ. ನೆಲ ಹತ್ತಿರವಾಗಿದ್ದರೂ ಅಲ್ಲಿಗೇ ಮುಟ್ಟಲು ಅದು ವೇಗ ಹೆಚ್ಚಿಸಿಕೊಂಡಿತು.

ಅಂದು ಆ ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ. ಬ್ರೇಕ್ ಹೆಚ್ಚಾಗಿ ಬಿದ್ದದ್ದಷ್ಟೇ ಕೆಡವಲಿಲ್ಲ. ಒಂದೊಂದೇ ಆಗಿದ್ದರೆ ತಡೆದುಕೊಳ್ಳಬಹುದಾದ ತೊಡಕುಗಳು ಒಂದಾದ ಮೇಲೊಂದು ಬಂದವು. ಯಾರೋ ಒಬ್ಬರನ್ನು ಬೈದು ಮುಗಿಸಿದ್ದರೆ ಇವುಗಳಲ್ಲಿ ಒಂದೂ ಹೊರಗೆ ಬರುತ್ತಿರಲಿಲ್ಲ.

ಈ ಸಲದ, ಚಂದ್ರಯಾನ-3ರ ಲ್ಯಾಂಡರ್‌ನಲ್ಲಿ ನಡುವಿನ ಎಂಜಿನ್ ಇಲ್ಲ, ನಾಲ್ಕೇ. ಇಂಧನ ಹೆಚ್ಚು, ಕಾಲು ಗಟ್ಟಿ, ವೇಗ ಅಳೆಯಲು ಹೊಸ ಲೇಸರ್ ಉಪಕರಣ. ಇಳಿಯುವ ಜಾಗ 4 ಕಿ.ಮೀ. ಉದ್ದ, ಸುಮಾರು 2.5 ಕಿ.ಮೀ. ಅಗಲ. ಏನೇನು ಕೆಡಬಹುದು ಎಂದು ಮೊದಲೇ ಎಣಿಸಿ ಕಟ್ಟಿದ್ದಾರೆ.

ಬಸವಕಲ್ಯಾಣ, 24 ಆಗಸ್ಟ್ 2023, ಗುರುವಾರ

ನಿನ್ನೆ ಸಂಜೆ 6.04ಕ್ಕೆ ಚಂದ್ರಯಾನ-3 ಇಳಿಯಿತು. ಶಾಲೆಯಲ್ಲಿ ಮಕ್ಕಳ ಕೂಗಿಗೆ ಟಿವಿಯ ಮಾತು ಕೇಳಿಸಲಿಲ್ಲ. ಈ ಗೆಲುವಿಗೆ ಚಂದ್ರಯಾನ-2ರ ಆರ್ಬಿಟರ್ ತೆಗೆದ ಚಿತ್ರಗಳೂ ನೆರವಾಗಿವೆ.

ಇಷ್ಟಾದ ಮೇಲೂ ಮನಸ್ಸಿನಲ್ಲಿ ಒಂದು ಮಾತು ಉಳಿದಿದೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಹಾಳಾಯಿತು. ನ್ಯೂಟನ್-ಸೆಕೆಂಡಿನಲ್ಲಿ ಇರಬೇಕಾದ ಅಂಕಿಗಳನ್ನು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟಿತ್ತು. ಕೆಲವೇ ವಾರಗಳಲ್ಲಿ ತನಿಖಾ ವರದಿ ಪ್ರಕಟವಾಯಿತು. ಇವತ್ತಿಗೂ ಏಕಮಾನಗಳ ಪಾಠಕ್ಕೆ ನಾನು ಅದನ್ನೇ ಉದಾಹರಣೆ ಕೊಡುತ್ತೇನೆ. ವಿಕ್ರಮ್‌ನ ಬಗ್ಗೆ ನಮಗೆ ಸಿಕ್ಕಿದ್ದು ಒಂದು ಲಿಖಿತ ಉತ್ತರ, ಸುಮಾರು ಮೂರೂವರೆ ವರ್ಷದ ಮೇಲೆ ಅಧ್ಯಕ್ಷರ ವಿವರಣೆ. ಸಮಿತಿಯ ಇಡೀ ವರದಿ ಜನರ ಕೈಗೆ ಬಂದಿಲ್ಲ.

ಹನ್ನೆರಡನೇ ಶತಮಾನದಲ್ಲಿ ನಮ್ಮ ಈ ಊರಿನಲ್ಲಿ ಶರಣರು ಅನುಭವ ಮಂಟಪದಲ್ಲಿ ಎಲ್ಲರೆದುರು ಪ್ರಶ್ನೆ ಇಟ್ಟು ಚರ್ಚಿಸಿದರು. ಕೇಳಿದವರ ಕುಲ, ಕಸುಬು ನೋಡಲಿಲ್ಲ. ಸೋತದ್ದರ ಕಾರಣವನ್ನು ಇಸ್ರೋ ಪ್ರಾಮಾಣಿಕವಾಗಿ ಹುಡುಕಿತು ಎಂಬುದಕ್ಕೆ ನಿನ್ನೆಯ ಗೆಲುವೇ ಸಾಕ್ಷಿ. ಇನ್ನು ರಕ್ಷಣೆಗೆ ಸಂಬಂಧಿಸಿದ ಗುಟ್ಟುಗಳೇನಾದರೂ ಇದ್ದರೆ ಅವನ್ನು ತೆಗೆದು, ಆ ವರದಿಯನ್ನು ಪ್ರಕಟಿಸಲಿ, ಕನ್ನಡದಲ್ಲೂ ಕೊಡಲಿ. ಹುಮನಾಬಾದಿನ ಸರ್ಕಾರಿ ಶಾಲೆಯ ಮಕ್ಕಳೂ ಅದನ್ನು ಓದಿ ಪ್ರಶ್ನೆ ಕೇಳುವಂತಾಗಬೇಕು.