ಹೊಗೆ ಬಿಸಿಯಾಗಿರಲಿ

ನವೆಂಬರಿನ ಬೆಳಗು. ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರಿನ ಬ್ರಾನ್‌ಸ್ಟನ್. ಆಕ್ಸ್‌ಫರ್ಡ್ ಕಾಲುವೆ ಗ್ರ್ಯಾಂಡ್ ಯೂನಿಯನ್ ಕಾಲುವೆಯನ್ನು ಕೂಡುವ ಊರು. ದಂಡೆಯಿಂದ ದೋಣಿಗೆ ಕಾಲಿಟ್ಟ ಕೂಡಲೇ ಅದು ತುಸು ವಾಲಿ ನಿಮ್ಮ ಭಾರ ಹೊರುತ್ತದೆ. ತಲೆ ಬಗ್ಗಿಸಿ ಮೆಟ್ಟಿಲಿಳಿಯಿರಿ. ದೋಣಿಯ ಹೊರಗಿನ ಅಗಲವೇ ಏಳಡಿಗೆ ಕಡಿಮೆ. ಒಳಗೆ ಗೋಡೆ, ಸೂರು ಎಲ್ಲ ಹಲಗೆ. ಮೂಲೆಯಲ್ಲಿ ಬೀಡುಕಬ್ಬಿಣದ ಪುಟ್ಟ ಒಲೆ, ಅದರ ಪಕ್ಕೆಯ ಮೇಲೆ ಅಳಿಲಿನ ಉಬ್ಬುಚಿತ್ರ. ಡೆನ್ಮಾರ್ಕಿನ ಮೋರ್ಸೋ ಕಂಪನಿಯ ‘ಸ್ಕ್ವಿರಲ್’. ಹಳೆಯ ಹೊಗೆಕೊಳವೆ ಬಿಚ್ಚಿಟ್ಟಿದ್ದಾರೆ. ಚಾವಣಿಯ ದುಂಡು ತೂತಿನಲ್ಲಿ ಬೂದುಬಣ್ಣದ ಆಕಾಶ ಕಾಣುತ್ತದೆ.

ಬಿಚ್ಚಿಟ್ಟ ಕೊಳವೆಯ ಮೇಲೆ ಬೆರಳಾಡಿಸಿ ನೋಡಿ. ಹೊಗೆಯ ಟಾರು ಕಂದುಗೆರೆಗಳಾಗಿ ಇಳಿದು ಒಣಗಿದೆ. ಮೇಲಿನ ತುಂಡನ್ನು ಕೆಳಗಿನದರ ಹೊರಗೆ ತೊಡಿಸಿದ್ದರು. ಒಳಗೆ ಹನಿಗಟ್ಟಿದ್ದೆಲ್ಲ ಸಂದಿಯಿಂದ ಹೊರಗೆ ಸೋರಿತು. ಮೇಲಿನದು ಕೆಳಗಿನದರ ಒಳಗೆ ಕೂರಬೇಕು. ಆಗ ಇಳಿದದ್ದು ಒಲೆಗೇ ಬಿದ್ದು ಉರಿಯುತ್ತದೆ.

ದೋಣಿಯ ಮಾಲಕಿ ಬೆಂಚಿನ ಮೇಲೆ ಮೂರು ಮಾದರಿ ಹರಡಿದ್ದಾರೆ. ಎನಾಮಲ್ ಬಳಿದ ತೆಳು ಕೊಳವೆ ಒಂದೇ ಕೈಗೆ ಏಳುತ್ತದೆ, ನೋಡಲು ಚೆಂದ. ದಪ್ಪ ಉಕ್ಕಿನದಕ್ಕೆ ಎರಡೂ ಕೈ ಬೇಕು. ಮೂರನೆಯದು ಜೋಡಿಗೋಡೆಯ ಸ್ಟೇನ್‌ಲೆಸ್ ಸ್ಟೀಲ್, ಎರಡು ಪದರದ ನಡುವೆ ಶಾಖ ತಡೆಯುವ ತುಂಬಣ.

ನನ್ನ ಕೈ ಮೂರನೆಯದಕ್ಕೇ ಹೋಗುತ್ತದೆ. ಬಿಸಿ ಹೊಗೆ ಹಗುರ, ಮೇಲೇರುತ್ತದೆ. ಆ ಏರಿಕೆಯೇ ಒಲೆಗೆ ಗಾಳಿ ಎಳೆದು ತರುತ್ತದೆ. ಬ್ರಿಟನ್ನಿನಲ್ಲಿ ಮನೆಯ ಚಿಮಣಿಗೆ ನಾಲ್ಕೂವರೆ ಮೀಟರ್ ಎತ್ತರ ಸಾಕೆನ್ನುವುದು ವಾಡಿಕೆ. ಇಲ್ಲಿ ಒಳಗೆ ಮೂರ್ನಾಲ್ಕು ಅಡಿ, ಹೊರಗೆ ಎರಡಡಿ, ಅಷ್ಟೆ. ಹೊರಗಿನದನ್ನೂ ತಗ್ಗು ಸೇತುವೆ ಬಂದಾಗ ಕಿತ್ತಿಡಬೇಕು. ಎತ್ತರವಿಲ್ಲದ ಕಡೆ ಶಾಖವನ್ನಾದರೂ ಕಾಪಾಡಬೇಕು. ರಾತ್ರಿ ಗಾಳಿಕಂಡಿ ಕಿರಿದು ಮಾಡಿ, ಕೆಂಡ ಮಂದವಾಗಿ ಉರಿಯಲೆಂದು ಬಿಟ್ಟು ಮಲಗುತ್ತಾರಲ್ಲ, ಆ ಹೊತ್ತನ್ನು ನೆನೆಯಿರಿ. ಹೊಗೆ ತಣ್ಣಗೆ, ನಿಧಾನವಾಗಿ ಹೋಗುತ್ತದೆ. ಒಂಟಿಗೋಡೆಯ ಕೊಳವೆ ಅದರಲ್ಲುಳಿದ ಬಿಸಿಯನ್ನೂ ಕೋಣೆಗೆ ಕೊಟ್ಟುಬಿಟ್ಟರೆ ಎಳೆತ ಸಾಯುತ್ತದೆ, ಟಾರು ಕಟ್ಟುತ್ತದೆ, ವಿಷಗಾಳಿ ಮಲಗಿದವರತ್ತ ತಿರುಗಬಹುದು. ಕೊಳವೆಯಿಂದ ಬರುವ ಬಿಸಿಯ ಆಸೆ ಬಿಡಿ. ಇಷ್ಟು ಕಿರಿದಾದ ಕೋಣೆಗೆ ಒಲೆಯ ಮೈಯೇ ಸಾಕು.

ಇನ್ನೊಂದು ಮಾತು ಹಲಗೆಯದು. ಇಂಗ್ಲೆಂಡಿನ ಕಟ್ಟಡ ನಿಯಮಗಳ ಪ್ರಕಾರ ಶಾಖತಡೆಯಿಲ್ಲದ ಕೊಳವೆಯಿಂದ ಉರಿಯುವ ವಸ್ತು ಕೊಳವೆಯ ವ್ಯಾಸದ ಮೂರುಪಟ್ಟು ದೂರವಿರಬೇಕು. ಐದಿಂಚಿಗೆ ಹದಿನೈದಿಂಚು. ಈ ಮೂಲೆಯಲ್ಲಿ ಕೈ ಚಾಚಿ ಅಳೆಯಿರಿ, ಅಷ್ಟು ಜಾಗವಿಲ್ಲ. ಜೋಡಿಗೋಡೆಯದನ್ನು ಆರಿಸಲು ಇದೂ ಒಂದು ಕಾರಣ.

ಅಗಲಕ್ಕೆ ಚರ್ಚೆ ಬೇಡ. ಒಲೆಯ ಕುತ್ತಿಗೆ ಸುಮಾರು ಐದಿಂಚು. ಕೊಳವೆ ಅದಕ್ಕಿಂತ ಎಲ್ಲಿಯೂ ಕಿರಿದಾಗಕೂಡದು. ಬಾಗು ಬೇಕೇಬೇಕಾದರೆ ನಲವತ್ತೈದು ಡಿಗ್ರಿ ಮೀರದಿರಲಿ.

ಒಳಪದರ ಯಾವ ದರ್ಜೆಯ ಉಕ್ಕು ಎಂದು ಕೇಳಿಯೇ ಕೊಳ್ಳಬೇಕು. 2023ರ ಮೇ ತಿಂಗಳಿನಿಂದ ಇಂಗ್ಲೆಂಡಿನಲ್ಲಿ ಮನೆಬಳಕೆಗೆ ಮಾಮೂಲಿ ಕಲ್ಲಿದ್ದಲಿನ ಮಾರಾಟವಿಲ್ಲ, ಕಾಲುವೆಯ ಜನ ಹೊಗೆಯಿಲ್ಲದ ಇಂಧನದುಂಡೆ ಸುಡುತ್ತಾರೆ. ಅದರ ಗಂಧಕ ಹಸಿ ಸೌದೆಯ ತೇವದೊಡನೆ ಸೇರಿದರೆ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. 316ಕ್ಕಿಂತ 904 ದರ್ಜೆ ಹೆಚ್ಚು ತಾಳುತ್ತದೆ, ಬೆಲೆಯೂ ಹೆಚ್ಚು. ಇಲ್ಲಿ ಹಣ ಉಳಿಸಬೇಡಿ.

ಈಗ ಚಾವಣಿಗೆ ಹತ್ತಿ. ಪಾಚಿಯ ವಾಸನೆ, ಮುಖಕ್ಕೆ ತಂಪು ಗಾಳಿ. ಇಲ್ಲಿಯ ಚಿಮಣಿಯಲ್ಲೂ ಒಳಗೊಳವೆ ಇರಲಿ, ಅದು ಚಾವಣಿಯ ತೂತಿಗೆ ಕೂರಿಸಿದ ಬಳೆಯೊಳಗೆ ಇಳಿದು ಕೂರಲಿ. ಇಲ್ಲದಿದ್ದರೆ ಟಾರು ಚಾವಣಿಯ ಬಣ್ಣದ ಮೇಲೆ ಹರಿಯುತ್ತದೆ. ಕಿತ್ತಾಗ ನೀರಿಗೆ ಬೀಳದಂತೆ ಒಂದು ಸರಪಳಿ.

ಮಲಗಿದವರತ್ತ ತಿರುಗಬಹುದಾದ ಆ ವಿಷಗಾಳಿಗೆಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆ. ವಾಸದ ಕೋಣೆಯಿರುವ ದೋಣಿಗಳಿಗೆ 2019ರ ಏಪ್ರಿಲ್‌ನಿಂದ ಬ್ರಿಟನ್ನಿನ ದೋಣಿ ಸುರಕ್ಷತಾ ಯೋಜನೆ ‘ಬೋಟ್ ಸೇಫ್ಟಿ ಸ್ಕೀಮ್’ ಅದನ್ನು ಕಡ್ಡಾಯ ಮಾಡಿದೆ. ಆಕೆ ಅದನ್ನೂ ಚೀಟಿಯಲ್ಲಿ ಬರೆದುಕೊಂಡು ಅಳತೆ ಟೇಪು ಬಿಚ್ಚುತ್ತಾರೆ, ಒಂದು ತುದಿಯನ್ನು ನಿಮ್ಮ ಕೈಗೆ ಕೊಡುತ್ತಾರೆ: “ಬಳೆಯ ಅಂಚಿಗೆ ಒತ್ತಿ ಹಿಡೀರಿ, ನಾನು ಕೆಳಗಿನಿಂದ ಅಳೀತೀನಿ.”