ಒಂಟಿ ಬಳೆ

ಬಳೆ ಎಂದರೆ ಜೋಡಿ ಎಂದೇ ಲೋಕದ ಲೆಕ್ಕ. ಬಳೆಗಾರನು ಡಜನ್ನಿನ ಲೆಕ್ಕದಲ್ಲಿ ತೊಡಿಸುತ್ತಾನೆ. ಅಕ್ಕಸಾಲಿಗನು ಜೊತೆಯ ಲೆಕ್ಕದಲ್ಲಿ ಮಾಡುತ್ತಾನೆ. ಒಂದೇ ಒಂದು ಚಿನ್ನದ ಬಳೆಯಿರುವ ಮನೆಯೆಂದರೆ ಅಲ್ಲಿ ಏನೋ ಒಂದು ಕಥೆಯಿದೆಯೆಂದೇ ತಿಳಿಯಬೇಕು. ಉತ್ತರಹಳ್ಳಿಯ ನಮ್ಮ ಮನೆಯಲ್ಲಿ, ಬೀರುವಿನ ಒಳಖಾನೆಯಲ್ಲಿ, ಗುಲಾಬಿ ಬಣ್ಣದ ಕಾಗದದಲ್ಲಿ ಸುತ್ತಿಟ್ಟ ಅಂಥದೊಂದು ಬಳೆ ಬಹುಕಾಲದಿಂದ ಇತ್ತು. ಕಿರುಬೆರಳಿನ ದಪ್ಪ, ಹೊರಮೈಯ ಸುತ್ತಲೂ ಮಾವಿನಕಾಯಿಯ ಬಳ್ಳಿ. ಒಂದು ಪಕ್ಕದಲ್ಲಿ ಆ ಬಳ್ಳಿಯ ಎಲೆಗಳು ರುಬ್ಬುವ ಕಲ್ಲಿಗೂ ಒಗೆಯುವ ಕಲ್ಲಿಗೂ ಉಜ್ಜಿ ಉಜ್ಜಿ ಮಾಸಿಹೋಗಿವೆ. ಅದು ನನ್ನ ತಾಯಿಯ ಬಳೆ. ಮನೆಯಲ್ಲಿ ಅದಕ್ಕಿದ್ದ ಹೆಸರು "ಮೂರು ತೊಲದ ಬಳೆ."

ಕಳೆದ ವರ್ಷ ನನ್ನ ಚಿಕ್ಕ ಮಗಳ ಮದುವೆ ನಿಶ್ಚಯವಾದಾಗ ಈ ಬಳೆಯ ಮಾತು ಬಂದಿತು. "ಒಂದೇ ಬಳೆ ಇಟ್ಟುಕೊಂಡು ಏನಮ್ಮಾ ಮಾಡೋದು? ಕರಗಿಸಿ ಒಂದು ಬ್ರೇಸ್‌ಲೆಟ್ ಮಾಡಿಸಿಬಿಡೋಣ. ಆಫೀಸಿಗೂ ಹಾಕಿಕೊಂಡು ಹೋಗಬಹುದು" ಎಂದಳು ಅವಳು. ಎಂಥ ಬ್ರೇಸ್‌ಲೆಟ್ಟು ಎಂದು ಕೇಳಿದ್ದಕ್ಕೆ ತನ್ನ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. 1969ರಲ್ಲಿ ನ್ಯೂಯಾರ್ಕಿನಲ್ಲಿ ಆಲ್ಡೋ ಚಿಪುಲ್ಲೋ ಎಂಬ ಕಲಾವಿದನು ಕಾರ್ಟಿಯೇ ಸಂಸ್ಥೆಗಾಗಿ ರಚಿಸಿದ ಬಳೆಯಂತೆ. ಎರಡು ಅರ್ಧಗಳು, ಅವನ್ನು ಕೈಗೆ ಕೂಡಿಸಲು ತಿರುಪುಗಳು, ತಿರುಪನ್ನು ತಿರುಗಿಸಲು ಪುಟ್ಟದೊಂದು ಚಿನ್ನದ ಬಣ್ಣದ ಸಾಧನ. ಪ್ರೇಮಿಗಳು ಒಬ್ಬರಿಗೊಬ್ಬರು ಬಿಗಿದು ತೊಡಿಸಿಕೊಳ್ಳಲೆಂದು ಈ ಏರ್ಪಾಡು. ನನಗೆ ನಗು ಬಂದಿತು. ತಿರುಪು ಹಾಕಿ ಬಿಗಿಯುವ ಕಡಗವನ್ನು ನಮ್ಮ ಅಜ್ಜಿಯರ ಕಾಲದ ಹೆಂಗಸರು ಯಾವ ಪ್ರೇಮಪ್ರಕರಣವೂ ಇಲ್ಲದೆ ತೊಟ್ಟುಕೊಳ್ಳುತ್ತಿದ್ದರು!

ಪುಣೆಯಲ್ಲಿರುವ ದೊಡ್ಡ ಮಗಳು ಫೋನಿನಲ್ಲಿ ನ್ಯಾಯವಾದ ಮಾತನ್ನೇ ಆಡಿದಳು: "ಕರಗಿಸೋದಾದರೆ ಇಬ್ಬರಿಗೂ ಅರ್ಧರ್ಧ. ಕರಗಿಸದೆ ಒಬ್ಬರಿಗೆ ಕೊಟ್ಟರೆ, ಅಷ್ಟೇ ತೂಕದ್ದು ಇನ್ನೊಬ್ಬರಿಗೆ ಕೊಡಬೇಕು." ನಾನೂ ಒಪ್ಪಿದೆ. ಆದರೆ ಬಳೆಯನ್ನು ಕೈಚೀಲದೊಳಗೆ ಇಡುವಾಗ ಕೈ ಸ್ವಲ್ಪ ಹಿಂಜರಿದದ್ದು ಸುಳ್ಳಲ್ಲ.

ಕಥೆ ಹೇಳಿಬಿಡುತ್ತೇನೆ. ಆಗ ನಾವು ಚಾಮರಾಜಪೇಟೆಯಲ್ಲಿದ್ದೆವು. ಉತ್ತರಹಳ್ಳಿಯೆಂಬುದು ನಮ್ಮ ಪಾಲಿಗೆ ರಾಗಿ ಹೊಲಗಳ ಆಚೆಗಿನ ದೂರದ ಹಳ್ಳಿ. ಅಲ್ಲಿ ನಿವೇಶನ ಕೊಂಡು ಮನೆ ಕಟ್ಟಿಸಿ ಮುದುಕಿಯಾಗುತ್ತೇನೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. 1962ರ ಅಕ್ಟೋಬರ್ 20ರಂದು ಚೀನೀ ಸೈನ್ಯ ಗಡಿಯಲ್ಲಿ ಮೇಲೆ ಬಿದ್ದಿತು. ನನಗೆ ಏಳು ವರ್ಷ. ಯುದ್ಧವೆಂದರೇನೆಂದು ತಿಳಿಯದಿದ್ದರೂ, ದೊಡ್ಡವರೆಲ್ಲ ರೇಡಿಯೋ ಮುಂದೆ ಮೌನವಾಗಿ ಕುಳಿತದ್ದು ನೆನಪಿದೆ. ರಾಷ್ಟ್ರೀಯ ರಕ್ಷಣಾ ನಿಧಿ ಆರಂಭವಾಯಿತು. ಊರೂರಿನಲ್ಲಿ, ಪೇಟೆಪೇಟೆಗಳಲ್ಲಿ ಸಭೆಗಳು. ನಮ್ಮ ಬೀದಿಯ ಹತ್ತಿರದ ಶಾಲೆಯ ಅಂಗಳದಲ್ಲಿಯೂ ಒಂದು ಸಭೆ ನಡೆಯಿತು. ತಾಯಿ ನನ್ನನ್ನೂ ಕರೆದುಕೊಂಡು ಹೋದರು. ಯಾರೋ ಮಾತನಾಡಿದರು, ಯಾರೋ ಒಬ್ಬ ವೃದ್ಧೆ ಮೂಗುಬೊಟ್ಟನ್ನು ಬಿಚ್ಚಿ ತಟ್ಟೆಗೆ ಹಾಕಿದಳು. ತಟ್ಟೆ ನಮ್ಮ ಸಾಲಿಗೆ ಬಂದಾಗ ತಾಯಿ ಎಡಗೈಯ ಬಳೆಯನ್ನು ಎಳೆಯತೊಡಗಿದರು. ಬರಲಿಲ್ಲ. ಬೆರಳಿನ ಗಂಟುಗಳು ಕೆಂಪಾದವು. ಪಕ್ಕದಲ್ಲಿ ಕುಳಿತಿದ್ದವರು ಹರಳೆಣ್ಣೆಯ ಮಾತಾಡುವಷ್ಟರಲ್ಲಿ ಬಳೆ ಕಳಚಿ ಬಂದಿತು. ಬಲಗೈಯದನ್ನೂ ಕೊಡುತ್ತಿದ್ದರೋ ಏನೋ. ತಟ್ಟೆ ಮುಂದೆ ಹೋಯಿತು.

ಆ ಬಳೆಗಳು ತಾಯಿಯ ತವರಿನವಲ್ಲ. ಮದುವೆಯಲ್ಲಿ ಅತ್ತೆ, ಅಂದರೆ ನನ್ನ ಅಜ್ಜಿ, ಮಾಡಿಸಿ ಹಾಕಿದ್ದವು. ನಗರ್ತಪೇಟೆಯ ಆಚಾರಿಯೊಬ್ಬರು ನಮ್ಮ ಜಗುಲಿಯಲ್ಲಿಯೇ ಅಗ್ಗಿಷ್ಟಿಕೆ ಹಚ್ಚಿ, ಊದುಗೊಳವೆ ಹಿಡಿದು ಮಾಡಿದ್ದರಂತೆ. ಚಿನ್ನ ತೂಗಿದ ಗಳಿಗೆಯಿಂದ ಬಳೆ ಮುಗಿಯುವವರೆಗೆ ಅಜ್ಜಿ ಹೊಸ್ತಿಲು ಬಿಟ್ಟು ಏಳಲಿಲ್ಲವಂತೆ. ಅಂಥ ಅಜ್ಜಿಗೆ ಕೇಳದೆ ಹೇಳದೆ ಸೊಸೆ ಒಂದನ್ನು ಕೊಟ್ಟು ಬಂದಳು! ಸಂಜೆ ತಾಯಿ ಅಡುಗೆಮನೆಗೆ ಹೋದಾಗ ಅಜ್ಜಿ ಬರಿಗೈಯನ್ನು ಕಂಡರು. "ಮೂರು ತೊಲ" ಎಂದರು. ಅಷ್ಟೇ. ಆ ದಿನದಿಂದ ಮೂರು ತಿಂಗಳು ಅತ್ತೆ ಸೊಸೆಯರ ನಡುವೆ ಮಾತು ನನ್ನ ಮೂಲಕವೇ ನಡೆಯಿತು. "ನಿನ್ನ ಅಮ್ಮನಿಗೆ ಹೇಳು, ಸಾರಿಗೆ ಉಪ್ಪು ಕಡಿಮೆ." "ದೇಶಕ್ಕೆ ಮೂರು ತೊಲ ದಾನಮಾಡಿದ ಮಹಾರಾಯಿತಿಗೆ ಹೇಳು, ಹಾಲು ಉಕ್ಕುತ್ತಿದೆ."

ತೊಲಕ್ಕೆ ಇನ್ನೂರು ರೂಪಾಯಿಯನ್ನೂ ಮುಟ್ಟದಿದ್ದ ಕಾಲ ಅದು. ಆದರೆ ನಮ್ಮ ತಂದೆಯ ಸಂಬಳವೂ ಇನ್ನೂರನ್ನು ಮುಟ್ಟಿರಲಿಲ್ಲ.

ಇದಾದ ಮೇಲೆ ಅಜ್ಜಿ ಮಾಡಿದ ಕೆಲಸವನ್ನು ನಾನು ದೊಡ್ಡವಳಾದ ಮೇಲಷ್ಟೇ ಅರ್ಥಮಾಡಿಕೊಂಡೆ. ಸಂಕ್ರಾಂತಿ ಕಳೆದ ಮೇಲೆ ಅವರು ತಮ್ಮ ಕಾಸಿನ ಸರದಿಂದ ಕೆಲವು ಕಾಸುಗಳನ್ನು ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡು, ನನ್ನನ್ನು ಜೊತೆಗೆ ಕರೆದುಕೊಂಡು, ಆ ಆಚಾರಿಯ ಮನೆಗೆ ಹೋದರು. ಮುತ್ತೈದೆಯ ಒಂದು ಕೈ ಬೋಳಾಗಿರುವುದನ್ನು ಅವರು ನೋಡಲಾರರು. ಆದರೆ ಸೊಸೆಗೆ ಅದನ್ನು ಹೇಳಲೂ ಆರರು. ಒಂಟಿ ಬಳೆಯ ಜೋಡಿ ಆಗಬೇಕಿತ್ತು. ಆಚಾರಿಯವರ ಮನೆಯಲ್ಲಿ ಒಲೆ ಆರಿತ್ತು. 1963ರ ಜನವರಿಯಲ್ಲಿ ಸರ್ಕಾರ ಚಿನ್ನದ ನಿಯಂತ್ರಣವನ್ನು ಜಾರಿಗೆ ತಂದಿತ್ತು. ಅರ್ಥಸಚಿವ ಮೊರಾರ್ಜಿ ದೇಸಾಯಿಯವರ ಕಾಲ. ಹೊಸ ಒಡವೆಯನ್ನು 14 ಕ್ಯಾರೆಟ್ಟಿಗಿಂತ ಹೆಚ್ಚಿನ ಚಿನ್ನದಲ್ಲಿ ಮಾಡಕೂಡದು. ಎಂದರೆ ನೂರು ಪಾಲಿನಲ್ಲಿ 58 ಪಾಲು ಚಿನ್ನ, ಉಳಿದದ್ದು ತಾಮ್ರ ಬೆಳ್ಳಿ. ಆಚಾರಿ ಕೈಮುಗಿದು ಹೇಳಿದರು: "ತಾಯಿ, 14ರಲ್ಲಿ ಮಾಡಿಕೊಟ್ಟರೆ ಆ ಬಳೆಯ ಪಕ್ಕದಲ್ಲಿ ಇದು ಹಿತ್ತಾಳೆಯ ಹಾಗೆ ಕಾಣುತ್ತೆ. ನನ್ನ ಕೈಯಿಂದ ಆ ಕೆಲಸ ಬೇಡ."

ದೇಶದ ಚಿನ್ನದ ದಾಹವನ್ನು ತಗ್ಗಿಸಬೇಕು, ವಿದೇಶೀ ವಿನಿಮಯವನ್ನು ಉಳಿಸಬೇಕು, ಕಳ್ಳಸಾಗಣೆಯನ್ನು ತಡೆಯಬೇಕು ಎಂಬುದು ಆ ನಿಯಮದ ಉದ್ದೇಶ. ದಾಹವೇನೋ ತಗ್ಗಲಿಲ್ಲ, ತಗ್ಗಿದ್ದು ಅಕ್ಕಸಾಲಿಗರ ಅನ್ನ. ಲಕ್ಷಾಂತರ ಸಂಸಾರಗಳು ಕೆಲಸವಿಲ್ಲದೆ ಕಂಗಾಲಾದವು. 1966ರಲ್ಲಿ 14 ಕ್ಯಾರೆಟ್ಟಿನ ಕಟ್ಟು ಸಡಿಲವಾಯಿತು. 1968ರಲ್ಲಿ ಬಂದ ಚಿನ್ನ ನಿಯಂತ್ರಣ ಕಾಯಿದೆ 1990ರವರೆಗೂ ಉಳಿಯಿತು. ಕಟ್ಟು ಸಡಿಲವಾದ ಸುದ್ದಿ ಕೇಳಿ ಅಜ್ಜಿ ಮತ್ತೆ ಆ ಮನೆಗೆ ಹೋದಾಗ ಅಲ್ಲಿ ಬೇರೆ ಯಾರೋ ಬಾಡಿಗೆಗಿದ್ದರು. ಬೇರೆ ಆಚಾರಿಯ ಹತ್ತಿರ ಅವರು ಹೋಗಲಿಲ್ಲ. ಕಾಸುಗಳು ಸರಕ್ಕೆ ಮರಳಿದವು. ಬಳೆ ಒಂಟಿಯಾಗಿಯೇ ಉಳಿಯಿತು.

ತಾಯಿ ಅದನ್ನು ಬಲಗೈಯಲ್ಲಿ, ಹಸಿರು ಗಾಜಿನ ಬಳೆಗಳ ನಡುವೆ ತೊಡುತ್ತಿದ್ದರು. ಎಡಗೈಗೆ ಬರೀ ಗಾಜು. ಮೊಹೆಂಜೊದಾರೋವಿನಲ್ಲಿ 1926ರಲ್ಲಿ ಸಿಕ್ಕಿದ ಆ ಪುಟ್ಟ ಕಂಚಿನ ಹುಡುಗಿಯ ಚಿತ್ರವನ್ನು ಶಾಲೆಯ ಪುಸ್ತಕದಲ್ಲಿ ಕಂಡಾಗ ನನಗೆ ತಾಯಿಯ ನೆನಪೇ ಬಂದಿತ್ತು: ಅವಳಿಗೂ ಒಂದು ತೋಳಿನ ತುಂಬ ಬಳೆ, ಇನ್ನೊಂದರಲ್ಲಿ ನಾಲ್ಕೇ ನಾಲ್ಕು. ಅಜ್ಜಿ ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದಾಗ ತಾಯಿಯೇ ಗಂಜಿ ಕುಡಿಸುತ್ತಿದ್ದರು. ಚಮಚ ಹಿಡಿದ ಕೈಯ ಬಳೆಯನ್ನು ಅಜ್ಜಿ ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತ, "ಮೂರು ತೊಲ" ಎನ್ನುತ್ತಿದ್ದರು. ಅದು ಬೈಗುಳವೋ ಏನೋ, ಆ ಹೊತ್ತಿಗೆ ಅವರಿಗೇ ಗೊತ್ತಿರಲಿಲ್ಲ.

ಇರಲಿ. ಬಳೆಯನ್ನು ತೆಗೆದುಕೊಂಡು ನಾನೂ ಚಿಕ್ಕವಳೂ ಹೊರಟೆವು. ಉತ್ತರಹಳ್ಳಿಯಲ್ಲಿಯೇ ಈಗ ಒಡವೆಯಂಗಡಿಗಳಿಗೆ ಕೊರತೆಯಿಲ್ಲ. ಆದರೆ ಹಳೆಯ ಕೆಲಸವನ್ನು ತಿಳಿದವರೇ ನೋಡಲಿ ಎಂದು ನನ್ನ ಹಟ. ಆಟೋದಲ್ಲಿ ಕೋಣನಕುಂಟೆ ಕ್ರಾಸಿಗೆ, ಅಲ್ಲಿಂದ ಮೆಟ್ರೋ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ ಎಂ.ಜಿ. ರಸ್ತೆ, ಮತ್ತೆ ಆಟೋದಲ್ಲಿ ಕಮರ್ಷಿಯಲ್ ಸ್ಟ್ರೀಟು. ಬೆಂಗಳೂರಿನಲ್ಲಿ ತಲೆಮಾರುಗಳಿಂದ ನಡೆದುಬಂದ ಒಡವೆಯ ಮನೆತನಗಳು ಕೆಲವಿವೆ. ಅವುಗಳಲ್ಲಿ ಹೆಸರಾದ ಸಿ. ಕೃಷ್ಣಯ್ಯ ಚೆಟ್ಟಿಯವರ ಸಂಸ್ಥೆ 1869ರಲ್ಲಿ ಆರಂಭವಾದದ್ದು. ಕೋಲಾರದಲ್ಲಿ ಜಾನ್ ಟೇಲರ್ ಕಂಪನಿಯ ಗಣಿಕೆಲಸಕ್ಕಿಂತಲೂ ಹಳೆಯದು. ಆ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದವು. ಅಂಗಡಿ ಇನ್ನೂ ಇದೆ. ನಾವು ಒಳಹೊಕ್ಕದ್ದೂ ಅಂಥದೇ ಒಂದು ಹಳೆಯ ಮನೆತನದ ಅಂಗಡಿ.

ಒಂದು ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಕಾಲದ ಕಡಗಗಳು, ಕೆಂಪು ಕೂಡಿಸಿದ ಬಳೆಗಳು. ಪಕ್ಕದಲ್ಲಿಯೇ ಮೊನ್ನೆ ಮೊನ್ನೆ ಮಾಡಿದ ಬಳೆಗಳು. ಹಳೆಯವಾಗಿ ಕಾಣಲೆಂದು ಅವುಗಳ ಸಂದುಗೊಂದುಗಳಿಗೆ ಕಪ್ಪು ಕೊಟ್ಟಿದ್ದಾರೆ. ನನ್ನ ತಾಯಿ ಹುಣಿಸೆಹಣ್ಣು ಹಚ್ಚಿ, ಅಂಟುವಾಳದ ನೀರಿನಲ್ಲಿ ತಿಕ್ಕಿ ತೆಗೆಯುತ್ತಿದ್ದ ಆ ಕಪ್ಪಿಗೆ ಈಗ ಬೇರೆ ಬೆಲೆ! ಇನ್ನೊಂದು ಪಕ್ಕದಲ್ಲಿ ವಜ್ರದ ಬ್ರೇಸ್‌ಲೆಟ್ಟುಗಳು. ಮಗಳು ಅಲ್ಲಿಯೇ ನಿಂತಳು. ಅಂಗಡಿಯ ಹುಡುಗಿ ಒಂದನ್ನು ಅವಳ ಕೈಗೆ ಕೂಡಿಸಿ, "ಇದು 14 ಕ್ಯಾರೆಟ್ ಮೇಡಂ. 22 ಮೆತ್ತಗೆ, ಕಲ್ಲು ಸಡಿಲವಾಗುತ್ತೆ. 14, 18 ಗಟ್ಟಿ. ಈಗಿನವರು ಇದನ್ನೇ ಕೇಳುತ್ತಾರೆ" ಎಂದಳು. ಅವಳು ಹೇಳಿದ್ದು ಸರಿಯೇ. ಈಗ 14 ಕ್ಯಾರೆಟ್ಟಿಗೂ ಸರ್ಕಾರವೇ ಹಾಲ್‌ಮಾರ್ಕ್ ಒತ್ತಿಸಿಕೊಡುತ್ತದೆ. ಅಂದು ಕಾಯಿದೆಯ ಬಲವಂತದಿಂದಲೂ ನಡೆಯದ್ದು ಇಂದು ಫ್ಯಾಷನ್ನಿನ ಒಂದು ಮಾತಿಗೆ ನಡೆಯುತ್ತಿದೆ. ಆ ಆಚಾರಿಯ ಮುಗಿದ ಕೈ ನನ್ನ ಕಣ್ಣಿಗೆ ಕಟ್ಟಿತು. ಹುಡುಗಿಗೆ ಏನೆಂದು ಹೇಳಲಿ!

ಬಳೆಯನ್ನು ಪರೀಕ್ಷಿಸಲು ಒಳಗಿನಿಂದ ಕೂದಲು ನೆರೆತ ಕುಶಲಿಯೊಬ್ಬರು ಬಂದರು. ಒರೆಗಲ್ಲಿನ ಕಾಲ ಹೋಯಿತು. ಎಕ್ಸ್-ರೇ ಯಂತ್ರದೊಳಗೆ ಇಟ್ಟರೆ ಕ್ಷಣದಲ್ಲಿ ಅಂಕಿ ಬರುತ್ತದೆ. ಮೈಯ ಚಿನ್ನ 22ಕ್ಕೆ ತೀರ ಹತ್ತಿರ, ಬೆಸುಗೆಯ ಜಾಗದಲ್ಲಿ ಅದಕ್ಕಿಂತ ಕಡಿಮೆ. ಅನಂತರ ತೂಕ. 26.4 ಗ್ರಾಂ. ನಾನು ಕನ್ನಡಕವನ್ನು ಒರೆಸಿಕೊಂಡು ನೋಡಿದೆ. ತೊಲವೆಂದರೆ 11.66 ಗ್ರಾಂ, ಮೂರು ತೊಲವೆಂದರೆ 35 ಗ್ರಾಂ ಬರಬೇಕಲ್ಲ? ಅವರು ಬಳೆಯನ್ನು ಉಗುರಿನಿಂದ ತಟ್ಟಿ ಕಿವಿಯ ಬಳಿ ಹಿಡಿದರು. "ಇದು ಗಟ್ಟಿ ಬಳೆಯಲ್ಲ ತಾಯಿ. ಒಳಗೆ ಅರಗು ತುಂಬಿದೆ. ಒಡೆದರೆ ಮಾತ್ರ ಖಚಿತ ಗೊತ್ತಾಗೋದು. ನನ್ನ ಅಂದಾಜಿಗೆ ಚಿನ್ನ 17, 18 ಗ್ರಾಂ ಇರಬಹುದು. ಒಂದೂವರೆ ತೊಲ ಅನ್ನಿ."

ಒಂದೂವರೆ ತೊಲ! ಆಚಾರಿ ಮೋಸಮಾಡಿದರೇ? ಹೊಸ್ತಿಲು ಬಿಟ್ಟು ಏಳದ ಅಜ್ಜಿಯ ಕಣ್ಣೆದುರಿಗೆ? ಅಂಗಡಿಯ ಕುರ್ಚಿಯಲ್ಲಿ ಕುಳಿತೇ ನನಗೆ ಲೆಕ್ಕ ಹೊಳೆಯಿತು. ಮೂರು ತೊಲವೆಂಬುದು ಜೋಡಿಯ ತೂಕ. ಆಚಾರಿ ಗುಲಗಂಜಿಯಷ್ಟೂ ತಪ್ಪಿರಲಿಲ್ಲ. ತಟ್ಟೆಗೆ ಬಿದ್ದದ್ದು ಒಂದೂವರೆ ತೊಲ; ಅಜ್ಜಿಯ ಸಂಕಟದಲ್ಲಿ ಅದು ಇಮ್ಮಡಿಯಾಗಿ, ವರ್ಷವರ್ಷವೂ ಹಾಗೆಯೇ ಉಳಿದುಬಿಟ್ಟಿತು. ತಾಯಿಗೆ ಇದು ತಿಳಿದಿರಲಿಲ್ಲವೇ? ಅವರೆದುರಿಗೇ ತೂಗಿ, ಅವರ ಕೈಯಳತೆಗೆ ಮಾಡಿದ ಬಳೆ. ತಿಳಿದೇ ಇತ್ತು. "ಅತ್ತೆ, ಮೂರಲ್ಲ, ಒಂದೂವರೆ" ಎಂಬ ನಾಲ್ಕು ಮಾತು ಸಾಕಾಗಿತ್ತು. ಆ ಮಾತನ್ನು ಅವರು ಎಂದೂ ಆಡಲಿಲ್ಲ. ತಪ್ಪುಮಾಡಿದವಳು ತೂಕಕ್ಕೆ ಚೌಕಾಸಿ ಮಾಡಬಾರದೆಂದಿರಬಹುದು. 2003ರಲ್ಲಿ ತೀರಿಕೊಳ್ಳುವವರೆಗೂ ನನ್ನ ಬಳಿಯೂ ಆಡಲಿಲ್ಲ.

ಕುಶಲಿ ವ್ಯವಹಾರವನ್ನು ವಿವರಿಸಿದರು. ಕರಗಿಸಿದರೆ ಬಂದಷ್ಟು ಚಿನ್ನಕ್ಕೆ ಬೆಲೆ. ಅರಗಿಗಿಲ್ಲ, ಮಾವಿನ ಬಳ್ಳಿಗಂತೂ ಇಲ್ಲ. ಹೊಸದಕ್ಕೆ ಕೂಲಿ ಬೇರೆ, ತೆರಿಗೆ ಬೇರೆ. ಹಾಲ್‌ಮಾರ್ಕ್ ಇಲ್ಲದ ಹಳೆಯ ಒಡವೆಯನ್ನು ಮನೆಯಲ್ಲಿಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಅಗಲಮಾಡಲು ಆಗುವುದೇ ಎಂದು ಕೇಳಿದೆ. ದೊಡ್ಡವಳ ಕೈ ಎರಡು-ಆರು, ಈ ಬಳೆ ಎರಡು-ನಾಲ್ಕು. "ಅರಗಿನ ಬಳೆಯನ್ನು ಹಿಗ್ಗಿಸಿದರೆ ಸೀಳುತ್ತೆ ತಾಯಿ" ಎಂದರು. ಇದರ ಜೋಡಿಯನ್ನು ಮಾಡಿಕೊಡುವಿರಾ ಎಂದೂ ಕೇಳಿದೆ. ಅವರು ಭೂತಗನ್ನಡಿಯಿಂದ ಬಳ್ಳಿಯನ್ನು ಬಹಳ ಹೊತ್ತು ನೋಡಿದರು. "ಮಾಡಬಹುದು. ಆದರೆ ಇದು ಸವೆದಿರೋ ಹಾಗೆ ಮಾಡೋಕೆ ನನ್ನಿಂದ ಆಗೋದಿಲ್ಲ."

ಈ ಮಾತುಗಳ ನಡುವೆ ಚಿಕ್ಕವಳು ಮೇಜಿನ ಮೇಲಿದ್ದ ಬಳೆಯನ್ನು ಸುಮ್ಮನೆ ತೊಟ್ಟು ನೋಡಿದ್ದಳು. ಅವಳದು ಎರಡು-ನಾಲ್ಕರ ಕೈ. ಏರುವಾಗ ಗಂಟಿನ ಬಳಿ ಸ್ವಲ್ಪ ತಡೆಯಿತು, ಆಮೇಲೆ ಹೊರಬರಲಿಲ್ಲ. ಹುಡುಗಿ ಕೈಗೆ ಹಚ್ಚಲು ದ್ರವವೇನನ್ನೋ ತಂದಳು. ಮಗಳು, "ಬೇಡ ಬಿಡಿ, ಮನೆಗೆ ಹೋಗಿ ತೆಗೆಯುತ್ತೇನೆ" ಎಂದಳು. ಮೆಟ್ರೋದಲ್ಲಿ ಮೇಲಿನ ಹಿಡಿಕೆಯನ್ನು ಹಿಡಿದು ನಿಂತಾಗ ಬಳೆ ಮಣಿಕಟ್ಟಿನಿಂದ ಕೆಳಗೆ ಜಾರಿತು. ಅವಳು ಮೇಲೆ ತಳ್ಳಿಕೊಂಡಳು, ಮತ್ತೆ ಜಾರಿತು. ಬ್ರೇಸ್‌ಲೆಟ್ಟಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗಲೂ ಅದು ಅವಳ ಕೈಯಲ್ಲಿಯೇ ಇದೆ. ಕಂಪ್ಯೂಟರಿನ ಅಂಚಿಗೆ ತಾಗಿ ಟಕ್ ಟಕ್ ಎನ್ನುತ್ತದಂತೆ.

ರಾತ್ರಿ ಪುಣೆಯಿಂದ ಫೋನು ಬಂದಿತು. "ತೂಕ ಎಷ್ಟು ಬಂತಮ್ಮ?" ಎಂದು ಕೇಳಿದಳು ದೊಡ್ಡವಳು.

"ಮೂರು ತೊಲ" ಎಂದೆ.

ಬೀರುವನ್ನು ತೆರೆದು ನನ್ನ ಜೋಡಿ ಬಳೆಗಳನ್ನು ಅವಳ ಹೆಸರಿಗೆ ಎತ್ತಿಟ್ಟೆ. ಅವನ್ನು ಹಿಂದೆಯೇ ತೂಗಿಸಿದ್ದೆ. 35 ಗ್ರಾಮಿಗೆ ಸ್ವಲ್ಪ ಮೇಲೆಯೇ ಇವೆ.