ಇತರೆ ಬಾಬ್ತು

ತಿಂಗಳ ಕೊನೆಯ ದಿನ, ರಾತ್ರಿ ಊಟವಾದ ಮೇಲೆ ಲೆಕ್ಕದ ಪುಸ್ತಕ ತೆರೆದು ಕೂರುವುದು ನನ್ನ ಹಳೆಯ ಅಭ್ಯಾಸ. ಹತ್ತಿ ಗಿರಣಿಯಲ್ಲಿ ಗುಮಾಸ್ತನಾಗಿದ್ದವನಿಗೆ ಬೇರೆ ವ್ಯಸನಗಳು ಅಂಟಿಕೊಳ್ಳಲು ಅವಕಾಶವೆಲ್ಲಿ? ಹಾಲು, ತರಕಾರಿ, ವಿದ್ಯುತ್ತು, ಔಷಧಿ ಎಂದು ಬಾಬ್ತುವಾರು ಬರೆದು, ಕೂಡಿ, ಕೆಳಗೆ ಎರಡು ಗೆರೆ ಎಳೆದರೆ ಆ ತಿಂಗಳು ನನ್ನ ಮಟ್ಟಿಗೆ ತೀರಿದಂತೆ. ಆದರೆ 2024ರ ಆಶ್ವಯುಜ ಮಾಸ ಮಾತ್ರ ಹಾಗೆ ತೀರಲೊಲ್ಲದು. ಖರ್ಚೇನೋ ತಾಳೆಯಾಯಿತು. ತಾಳೆಯಾಗದೆ ಉಳಿದದ್ದು ಬೇರೆಯೇ ಇತ್ತು. ಅದನ್ನು ಹೇಳಿಕೊಳ್ಳುವುದಕ್ಕೆಂದೇ ಈ ಬರಹ.

ಅಕ್ಟೋಬರ್ 2, ಮಹಾಲಯ ಅಮಾವಾಸ್ಯೆ. ವಿನೋಬನಗರದ ನಮ್ಮ ಮನೆಯ ಹಿತ್ತಲಲ್ಲಿ ಒದ್ದೆ ಕಲ್ಲಿನ ಮೇಲೆ ಕಾಲು ಜಾರಿ ನಮ್ಮಾಕೆ ಬಿದ್ದಳು. ಬೀಳುವಾಗ ಬಲಗೈ ಊರಿದ್ದರಿಂದ ಮಣಿಕಟ್ಟಿನ ಮೂಳೆ ಮುರಿಯಿತು. ವೈದ್ಯರು ಪ್ಲಾಸ್ಟರ್ ಪಟ್ಟು ಹಾಕಿ, ಆರು ವಾರ ಅಲುಗಿಸಬಾರದೆಂದು ಕಟ್ಟಪ್ಪಣೆ ಮಾಡಿದರು. "ವಯಸ್ಸಾಯಿತಲ್ಲ, ಮೂಳೆ ತೆಳುವಾಗಿದೆ" ಎಂದೂ ಸೇರಿಸಿದರು. ನನಗೆ ವಯಸ್ಸಾದದ್ದು ಕನ್ನಡಿ ನೋಡಿದಾಗಲೆಲ್ಲ ತಿಳಿಯುತ್ತಿತ್ತು. ಅವಳಿಗೂ ಆಗಿದೆಯೆಂಬುದು ತಿಳಿದದ್ದು ಆ ದಿನವೇ.

ಮನೆಗೆ ಬಂದವಳು ಮೊದಲು ನೋಡಿದ್ದು ಕೈಯನ್ನಲ್ಲ, ನಡುಮನೆಯ ಮೂಲೆಯಲ್ಲಿ ಮಡಿಸಿಟ್ಟಿದ್ದ ಅರೆಬರೆ ಕೌದಿಯನ್ನು. ಡಿಸೆಂಬರಿನಲ್ಲಿ ಮಗಳಿಗೆ ಎರಡನೆಯ ಹೆರಿಗೆ. ಮೊದಲನೆಯವನು ಅಜ್ಜಿ ಹೊಲಿದ ಕೌದಿಯ ಮೇಲೆ ಮಲಗಿ ಬೆಳೆದವನು. ಎರಡನೆಯ ಕೂಸಿಗೆ ಅಂಗಡಿಯ ಹಾಸಿಗೆಯೆಂದರೆ ಆದೀತೆ? ಅರ್ಧ ಗಂಟೆ ಮಾತಿಲ್ಲದೆ ಕುಳಿತಿದ್ದು, ಕೊನೆಗೆ, "ನಿಮ್ಮ ಕೈ ಕೊಡ್ರಿ" ಎಂದಳು. ಸಮಾಧಾನ ಬೇಕಾಗಿದೆಯೆಂದು ತಿಳಿದು ನಾನು ಕೈ ನೀಡಿದೆ. ಅವಳು ಎಡಗೈಯಿಂದ ಅದರಲ್ಲಿ ಒಂದು ಸೂಜಿಯನ್ನಿಟ್ಟಳು.

ನೂಲಿನ ವಿಷಯ ನನಗೆ ತಿಳಿಯದ್ದೇನಲ್ಲ. ಒಂದು ಪೌಂಡ್ ತೂಕದಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೋ ಅದೇ ಆ ನೂಲಿನ ನಂಬರು. 40ನೇ ನಂಬರೆಂದರೆ ಪೌಂಡಿಗೆ 33,600 ಗಜ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಎಷ್ಟು ಸಾವಿರ ಬೇಲುಗಳು ನನ್ನ ಲೇಖನಿಯ ಕೆಳಗೆ ಹಾದುಹೋದವೋ! ಅಂಥ ನನಗೆ ಒಂದು ಮೊಳ ದಾರವನ್ನು ಸೂಜಿಯ ಕಣ್ಣಿಗೆ ಪೋಣಿಸಲು ಕಾಲು ಗಂಟೆ ಹಿಡಿಯಿತು.

ಕೌದಿಯೆಂದರೆ ಹಳೆ ಬಟ್ಟೆಯ ಗಂಟು ಎಂದು ತಿಳಿದವರಲ್ಲಿ ನಾನೂ ಒಬ್ಬ. ಅದಕ್ಕೂ ಒಂದು ವಾಸ್ತುವಿದೆ. ಹಳೆಯ ಸೀರೆ ಪಂಚೆಗಳನ್ನು ಪದರ ಪದರವಾಗಿ ಸುಕ್ಕಿಲ್ಲದಂತೆ ಹಾಸಬೇಕು. ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಬೇಕು. ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ಒಳಕ್ಕೆ ಹೊಲಿಯುತ್ತ ನಡುವಿಗೆ ಬರಬೇಕು. ಹೊಲಿಗೆ ಚಿಕ್ಕದಾಗಿರಬೇಕು. ನನ್ನ ಮೊದಲ ದಿನದ ಹೊಲಿಗೆಗಳನ್ನು ನೋಡಿ ಅವಳು, "ಇದೇನ್ರೀ, ಎತ್ತಿನ ಹೆಜ್ಜೆ ಇದ್ದಂಗೈತೆ! ಕೂಸಿನ ಬೆರಳು ಸಿಕ್ಕಾಕ್ಕಂತೈತೆ" ಎಂದಳು. ಅವಳು ಎಡಗೈಯಿಂದ ಬಟ್ಟೆಯನ್ನು ಬಿಗಿಯಾಗಿ ಒತ್ತಿ ಹಿಡಿಯುವುದು, ನಾನು ಬಲಗೈಯಿಂದ ಚುಚ್ಚುವುದು. ನವರಾತ್ರಿಯ ಒಂಬತ್ತು ದಿನ ಹೀಗೆಯೇ ಕಳೆದವು. ಒಂದು ಗೇಣು ಹೊಲಿಯುವಷ್ಟರಲ್ಲಿ ನನ್ನ ಸೊಂಟ, ಕಣ್ಣು, ಹೆಬ್ಬೆರಳು ಮೂರೂ ಮುಷ್ಕರ ಹೂಡುತ್ತಿದ್ದವು.

ವೈದ್ಯರು ಅವಳಿಗೆ ವಿಶ್ರಾಂತಿಯನ್ನೂ ನನಗೆ ನಡಿಗೆಯನ್ನೂ ವಿಧಿಸಿದ್ದರು. ಒಬ್ಬಳೇ ಮನೆಯಲ್ಲಿದ್ದರೆ ಎಡಗೈಯಿಂದಲೇ ಪಾತ್ರೆ ತಿಕ್ಕುವಳೆಂಬ ಭಯದಿಂದ ಅವಳನ್ನೂ ಕರೆದುಕೊಂಡು ಹೊರಟೆ. ನಮ್ಮ ಬಡಾವಣೆಗೆ ಹೆಸರು ಕೊಟ್ಟ ವಿನೋಬಾ ಭಾವೆಯವರು 1951ರಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂದಾನವನ್ನು ಆರಂಭಿಸಿ, ಸುಮಾರು 13 ವರ್ಷ ಊರಿಂದೂರಿಗೆ ನಡೆದರು. ಆ ಪೋಚಂಪಳ್ಳಿಯೂ ನೇಕಾರರ ಊರೇ. 1957ರಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ಗ್ರಾಮದಾನದ ಸಮ್ಮೇಳನ ಸೇರಿದಾಗ ಆ ನಡಿಗೆ ನಮ್ಮ ನಾಡಿನಲ್ಲಿಯೂ ಸಾಗಿತ್ತು. ಅವರು ಬಡವರಿಗೆ ಭೂಮಿ ಕೇಳಲು ನಡೆದರು. ಅವರ ಹೆಸರಿನ ಬಡಾವಣೆಯವರಾದ ನಾವು ರಕ್ತದ ಸಕ್ಕರೆ ಇಳಿಸಲು ನಡೆಯುತ್ತೇವೆ. ಕಾಲಾಯ ತಸ್ಮೈ ನಮಃ!

ಮದುವೆಯಾದಂದಿನಿಂದಲೂ ನಾನು ನಾಲ್ಕು ಹೆಜ್ಜೆ ಮುಂದೆ, ಅವಳು ಹಿಂದೆ. ಈಗ ಜೋಳಿಗೆಯಲ್ಲಿದ್ದ ಅವಳ ಕೈಗೆ ಯಾರಾದರೂ ತಾಕಿಯಾರೆಂದು ಅವಳ ಬಲಮಗ್ಗುಲಲ್ಲಿಯೇ ನಡೆಯಬೇಕಾಯಿತು. ಪಕ್ಕದಲ್ಲಿ ನಡೆದಾಗ ಅವಳು ಏನು ನೋಡುತ್ತಾಳೆಂಬುದು ತಿಳಿಯಿತು. ನಾನು ನೋಡುವುದು ಮನೆಗಳ ನಂಬರು, ಅಂಗಡಿಗಳ ಹಲಗೆ. ಅವಳು ನೋಡುವುದು ಯಾರ ಮನೆ ಮುಂದಿನ ರಂಗೋಲಿಯಲ್ಲಿ ಎಳೆ ತಪ್ಪಿದೆ, ಬುಟ್ಟಿ ಮಾರುವವಳ ಹೆಣಿಗೆ ಎಲ್ಲಿ ಸಡಿಲ ಎಂಬುದನ್ನು. ಒಂದು ಭಾನುವಾರ ಆಟೋದಲ್ಲಿ ಕುಂದವಾಡ ಕೆರೆಗೆ ಹೋಗಿ ಏರಿಯ ಮೇಲೆ ನಡೆದೆವು. ಭದ್ರಾ ನಾಲೆಯ ನೀರು ತುಂಬಿ ನಿಂತಿತ್ತು. ಮರಳುವಾಗ ರಸ್ತೆಯಂಚಿನಲ್ಲಿ ಮೆಕ್ಕೆಜೋಳವನ್ನು ಒಣಹಾಕಿದ್ದರು. ಆ ಹಳದಿಯನ್ನು ನೋಡಿ, "ಅಂಚಿಗೆ ಈ ಬಣ್ಣ ಹಾಕಬೇಕಿತ್ತು" ಎಂದಳು. ನಾನು ನೋಡಿ, ಕ್ವಿಂಟಾಲಿಗೆ ಏನು ಬೆಲೆಯಿದ್ದೀತೆಂದು ಯೋಚಿಸುತ್ತಿದ್ದೆ.

ಬನ್ನಿ ಹಂಚಿದ ಮರುದಿನ ಹರಿಹರಕ್ಕೆ ಹೊರಟೆವು. ಸುಮಾರು 14 ಕಿಲೋಮೀಟರ್ ದಾರಿ. 2023ರ ಜೂನ್ ತಿಂಗಳಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಕಂಡಕ್ಟರು ಅವಳ ಕೈಗೆ ಶೂನ್ಯದ ಚೀಟಿ ಕೊಟ್ಟು ನನ್ನ ಕಡೆ ಕೈಚಾಚಿದ. "ನಿಮ್ಮದೊಂದೇ ಖರ್ಚು, ಬರ್ಕಳ್ರಿ" ಎಂದು ನಕ್ಕಳು. ಬಿದ್ದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಹರಿಹರೇಶ್ವರನ ಗುಡಿಯನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ. ಮಂಟಪದ ಕಂಬಗಳನ್ನು ಚರಕಿಗೆ ಹಿಡಿದು ಕಡೆದಂತೆ ನುಣುಪಾಗಿ, ಉರುಟಾಗಿ ತಿರುವಿದ್ದಾರೆ. ಇದೇ ಊರಿನಲ್ಲಿ 1941ರಲ್ಲಿ ಲೇತ್ ಯಂತ್ರಗಳ ಕಾರ್ಖಾನೆಯೊಂದು ಆರಂಭವಾಗಿತ್ತು; ಅದು ನಿಂತುಹೋಯಿತು, ಕಂಬಗಳು ನಿಂತಿವೆ. ಗರ್ಭಗುಡಿಯಲ್ಲಿ ಒಂದೇ ಮೈಯಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ. ನಮ್ಮಾಕೆ ಬಹಳ ಹೊತ್ತು ನೋಡುತ್ತಿದ್ದು ಮೆಲ್ಲನೆ, "ನಮ್ಮದೂ ಹಿಂಗೇ ಆಗೈತೆ ನೋಡ್ರಿ. ನಿಮ್ಮ ಬಲಗೈ, ನನ್ನ ಎಡಗೈ" ಎಂದಳು. ನಾನು ನಗಲು ಹೋದೆ. ಅವಳ ಮುಖದಲ್ಲಿ ನಗುವಿರಲಿಲ್ಲ. ಆ ಕೈ ಮೊದಲಿನಂತಾಗುವುದೋ ಇಲ್ಲವೋ ಎಂಬ ಚಿಂತೆ ಅವಳಿಗೆ ಆಗಲೇ ಹತ್ತಿತ್ತೆಂದು ಕಾಣುತ್ತದೆ.

ಶೀಗೆ ಹುಣ್ಣಿಮೆ ಕಳೆದ ಮೇಲೆ ಇನ್ನೊಂದು ಪ್ರಯಾಣ. ಬಾಣಂತಿಯ ಕೋಣೆಗೆ ಕರಿ ಕಂಬಳಿಯೊಂದು ಬೇಕು, ಅದೂ ಕೈಮಗ್ಗದ್ದೇ ಆಗಬೇಕು ಎಂದಳು. ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ, ರಾಣೆಬೆನ್ನೂರಿಗೆ ಹೋಗಿ, ಅಲ್ಲಿಂದ ಮೇಡ್ಲೇರಿಗೆ ಇನ್ನೊಂದು ಬಸ್ಸು ಹಿಡಿದೆವು. ಅದು ಕಂಬಳಿಗೆ ಹೆಸರಾದ ಊರು. ಗುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುತ್ತಾರೆ. ಉಣ್ಣೆಯ ಹಾಸಿಗೆ ಹುಣಿಸೆ ಬೀಜದ ಸರಿ ಹಚ್ಚಿ ಗಟ್ಟಿ ಮಾಡುತ್ತಾರೆ. ಒಂದು ಜಗುಲಿಯ ಮೇಲೆ ವಯಸ್ಸಾದ ತಾಯಿಯೊಬ್ಬಳು ನೂಲುತ್ತಿದ್ದಳು. ನಮ್ಮಾಕೆ ಅವಳ ಪಕ್ಕದಲ್ಲಿ ಕುಳಿತು, ಎಳೆಯನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು ನೋಡಿದಳು. ನಾನು ನನ್ನ ಜಾತಿಧರ್ಮಕ್ಕೆ ತಕ್ಕಂತೆ ಕೇಳಿದೆ: "ನೂತದ್ದಕ್ಕೆ ಎಷ್ಟು ಸಿಗುತ್ತದಮ್ಮ?"

ಆಕೆ ನಕ್ಕುಬಿಟ್ಟಳು. "ಮನೀ ಕೆಲಸಕ್ಕ ಎಂಥಾ ಲೆಕ್ಕಾರೀ ಯಪ್ಪಾ? ಕಂಬಳಿ ಮಾರಿದ ರೊಕ್ಕದಾಗ ಅದೂ ಬಂತಲ್ಲ!"

ಮರಳುವಾಗ ಬಸ್ಸಿನಲ್ಲಿ ನಮ್ಮಾಕೆ ಮಾತಾಡಲಿಲ್ಲ. ಏನು ಯೋಚನೆ ಎಂದರೆ, "ಏನಿಲ್ಲ. ಆಯಮ್ಮನ ನೂಲು ಎಷ್ಟು ಸಮ ಇತ್ತು ನೋಡಿದ್ರಾ?" ಎಂದಳಷ್ಟೆ. ಆದರೆ ಆ ಮುದುಕಿಯ ಮಾತು ನನ್ನ ಕಿವಿಯಲ್ಲಿ ಕುಳಿತುಬಿಟ್ಟಿತ್ತು. ರಾತ್ರಿ ಅವಳು ಮಲಗಿದ ಮೇಲೆ ಹಳೆಯ ಪೆಟ್ಟಿಗೆ ತೆರೆದು 1995 ಮತ್ತು 1996ರ ಲೆಕ್ಕದ ಪುಸ್ತಕಗಳನ್ನು ಹೊರತೆಗೆದೆ.

ನಾನು ಕೆಲಸ ಮಾಡುತ್ತಿದ್ದ ಗಿರಣಿ ಮುಚ್ಚಿದ ಮೇಲಿನ ಎರಡು ವರ್ಷಗಳವು. ಜಮೆಯ ಪುಟದಲ್ಲಿ 'ಸಂಬಳ' ಎಂಬಲ್ಲಿ ತಿಂಗಳ ಮೇಲೆ ತಿಂಗಳು ಅಡ್ಡಗೆರೆ. ಅದರ ಕೆಳಗೆ, ನನ್ನದೇ ದುಂಡಗಿನ ಅಕ್ಷರದಲ್ಲಿ, ಇತರೆ 180 ರೂಪಾಯಿ, ಇತರೆ 225, ಇತರೆ 310. ಇನ್ನೇನೂ ಇಲ್ಲ. ಎರಡು ವರ್ಷ ನಮ್ಮ ಮನೆ ನಡೆದದ್ದು ಆ 'ಇತರೆ'ಯಿಂದ.

ಆ 'ಇತರೆ' ಎಂದರೇನು? ಓಣಿಯ ಹೆಂಗಸರು ಹಳೆಯ ಸೀರೆಗಳ ಗಂಟು ತಂದಿಡುತ್ತಿದ್ದರು. ಅವಳು ಮಗಳನ್ನು ಮಲಗಿಸಿ ರಾತ್ರಿಯೆಲ್ಲ ಕೌದಿ ಹೊಲಿಯುತ್ತಿದ್ದಳು. ದೀಪಾವಳಿ ಹತ್ತಿರವಾದರೆ ಬಿದಿರ ಕಡ್ಡಿ ಸೀಳಿ, ಬಣ್ಣದ ಕಾಗದ ಅಂಟಿಸಿ ಆಕಾಶಬುಟ್ಟಿ ಮಾಡಿ ಕೊಡುತ್ತಿದ್ದಳು. ನಾನು ಜಗುಲಿಯಲ್ಲಿ ಕುಳಿತು ಪತ್ರಿಕೆಯಲ್ಲಿ ಕೆಲಸ ಖಾಲಿಯ ಜಾಹೀರಾತು ನೋಡುತ್ತಿದ್ದೆ. ಬಾಗಿಲಿಗೆ 'ಇಲ್ಲಿ ಕೌದಿ ಹೊಲಿದುಕೊಡಲಾಗುವುದು' ಎಂದು ಒಂದು ಹಲಗೆ ಹಾಕೋಣವೇ ಎಂದು ಅವಳು ಒಮ್ಮೆ ಕೇಳಿದ್ದಳು. ಬೇಡವೆಂದೆ. ಹೆಂಡತಿಯ ದುಡಿಮೆಯಲ್ಲಿ ಉಣ್ಣುವವನೆಂದು ನಾಲ್ಕು ಜನ ಅಂದಾರೆಂಬ ಅಂಜಿಕೆ. ಹೊರಗೆ ಹಲಗೆ ಬೇಡವೆಂದವನು ಒಳಗೆ ಪುಸ್ತಕದಲ್ಲಿಯೂ ಬರೆಯಲಿಲ್ಲ. ಆ ಪುಸ್ತಕವನ್ನು ನೋಡುವವರಾದರೂ ಯಾರಿದ್ದರು, ನನ್ನನ್ನು ಬಿಟ್ಟು? ಹದಿನೈದು ದಿನ ಸೂಜಿ ಹಿಡಿದು ಹೆಬ್ಬೆರಳು ಊದಿಸಿಕೊಂಡ ಮೇಲೆ, ಆ 180 ರೂಪಾಯಿಯಲ್ಲಿ ಎಷ್ಟು ರಾತ್ರಿಗಳಿದ್ದವೆಂದು ನನಗೆ ಲೆಕ್ಕ ಹತ್ತಿತು. ಅಂದು ನಿದ್ದೆ ಬರಲಿಲ್ಲ.

ದೀಪಾವಳಿಗೆ ಆಕಾಶಬುಟ್ಟಿಯನ್ನು ನಾನೇ ಕಟ್ಟಿದೆ. ಅವಳು ಕುರ್ಚಿಯಲ್ಲಿ ಕುಳಿತು ಅಪ್ಪಣೆ ಕೊಡಿಸುತ್ತಿದ್ದಳು. ಆರು ಮೂಲೆಯ ನಕ್ಷತ್ರವಾಗಬೇಕಾದದ್ದು ಪಕ್ಕದ ಮನೆಯ ಹುಡುಗನ ತೀರ್ಪಿನಂತೆ ಕುಂಬಳಕಾಯಾಯಿತು. ಪಾಡ್ಯದ ಬೆಳಗ್ಗೆ ಸಗಣಿಯ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ ಚೆಂಡುಹೂ ಸಿಕ್ಕಿಸುವಾಗ ಮಾತ್ರ ಅವಳು ತಡೆಯಲಾರದೆ ಎಡಗೈ ಹಾಕಿದಳು. ಭೀಮನನ್ನು ನಾನು ಸಣ್ಣದಾಗಿ ಮಾಡಿದ್ದೆನಂತೆ.

ನವೆಂಬರ್ ನಡುವಿನಲ್ಲಿ ಪಟ್ಟು ಬಿಚ್ಚಿದರು. ಮೂಳೆ ಕೂಡಿತ್ತು, ಬೆರಳು ಮಡಿಯುತ್ತಿರಲಿಲ್ಲ. ದಿನವೂ ಮೆತ್ತನೆಯ ಚೆಂಡನ್ನು ಹಿಸುಕಬೇಕು, ನಿಧಾನವಾಗಿ ಸರಿಹೋಗಬಹುದು ಎಂದರು. ಅವಳು ಚೆಂಡಿನ ಬದಲು ರೊಟ್ಟಿಯ ಹಿಟ್ಟನ್ನು ಹಿಸುಕಿದಳು. ಬುತ್ತಿ ಹಿಡಿಯುವಷ್ಟು ಬಲ ಬಂತು. ಸೂಜಿ ಹಿಡಿಯುವಷ್ಟು ಇನ್ನೂ ಬಂದಿಲ್ಲ. ಹಾಗಾಗಿ ಕೌದಿಯನ್ನು ನಡುವಿನವರೆಗೂ ನಾನೇ ತಂದೆ. ಕೊನೆಯ ಚೌಕವನ್ನು ಮುಚ್ಚುವ ಮುಂಚೆ ಅವಳು ಒಂದು ಚೂರು ರೊಟ್ಟಿಯನ್ನು ಒಳಗಿಟ್ಟಳು. ಕೌದಿಯ ಹೊಟ್ಟೆ ಖಾಲಿಯಿರಬಾರದೆಂದು ಅವಳ ತಾಯಿ ಹೇಳುತ್ತಿದ್ದರಂತೆ.

ಅಂದು ಸಂಜೆ ಹಳೆಯ ಪುಸ್ತಕಗಳನ್ನು ಅವಳ ಮುಂದಿಟ್ಟೆ. ಲೆಕ್ಕದಲ್ಲಿ ತಪ್ಪಿದ್ದರೆ ಅಳಿಸುವಂತಿಲ್ಲ. ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ತಾರೀಖು ಹಾಕಿ ರುಜು ಮಾಡಬೇಕು. ಇಪ್ಪತ್ತನಾಲ್ಕು 'ಇತರೆ'ಗಳನ್ನೂ ಹಾಗೆಯೇ ಹೊಡೆದು, ಒಂದೊಂದರ ಮೇಲೂ ಅವಳ ಹೆಸರು ಬರೆದು, 'ಹೊಲಿಗೆಯ ಸಂಪಾದನೆ' ಎಂದು ತಿದ್ದಿದ್ದೆ. ಅವಳು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುವಿದಳು. ಅತ್ತಾಳೇನೋ ಎಂದುಕೊಂಡೆ. ಒಂದು ಕಡೆ ಬೆರಳಿಟ್ಟು, "ಈ ಮಾರ್ಚ್ ತಿಂಗಳದ್ದು ತಪ್ಪೈತೆ. ಆಗ ಇನ್ನೊಂದು ಕೌದಿ ದುಡ್ಡು ಬಂದಿತ್ತು, ನಿಮಗೆ ಹೇಳಿರ್ಲಿಲ್ಲ" ಎಂದಳು.

"ಏನು ಮಾಡಿದೆ ಅದನ್ನು?"

"ನಿಮಗೆ ಕನ್ನಡಕ ಬಂತಲ್ಲ, ಸಂದರ್ಶನಕ್ಕೆ ಹೋಗೋಕೆ."

ಆ ಕನ್ನಡಕವನ್ನು ಅವಳ ಅಣ್ಣ ಕೊಡಿಸಿದನೆಂದು ನಾನು ಸುಮಾರು ಮೂವತ್ತು ವರ್ಷ ನಂಬಿದ್ದೆ. ಅದನ್ನು ಯಾವ ಬಾಬ್ತಿಗೆ ಬರೆಯಬೇಕೆಂದು ಇನ್ನೂ ತೋಚಿಲ್ಲ. ಆ ಸಾಲು ಖಾಲಿಯಿದೆ.

ಡಿಸೆಂಬರಿನಲ್ಲಿ ಮಗಳಿಗೆ ಹೆಣ್ಣು ಮಗುವಾಯಿತು. ಕೌದಿಯ ಒಂದು ಮೂಲೆಯಲ್ಲಿ ನನ್ನ ಮೊದಲ ದಿನದ ಎತ್ತಿನ ಹೆಜ್ಜೆಗಳು ಹಾಗೆಯೇ ಇವೆ. ಬಿಚ್ಚಿ ಮತ್ತೆ ಹೊಲಿಯುತ್ತೇನೆಂದರೆ ನಮ್ಮಾಕೆ ಬೇಡವೆಂದಳು. ಆ ಮೂಲೆ ಕೂಸಿನ ಕೈಗೆ ಸಿಗದಂತೆ ಒಳಕ್ಕೆ ಮಡಿಸಿ ಹಾಸುತ್ತಾಳೆ.